ಕಾಲಿನ ಬಿಸಿ

ಹಿಂದೂಪುರದ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಬೆಂಚಿನ ಹೆಂಗಸಿನ ಕೈಯಲ್ಲಿ ಆಸ್ಪತ್ರೆಯ ಫೈಲಿತ್ತು. ಅವಳ ಊರಿನವಳೊಬ್ಬಳು ಬಂದು ಅವಳ ಪಕ್ಕ ಕೂತಳು.

“ಉಡುಸಲಕ್ಕ, ನಿಮ್ಮೆಜಮಾನ್ರು ಉಗ್ರಪ್ಪಣ್ಣ ಹೆಂಗವ್ರೆ?”

“ಉಳ್ಕಂಡ್ರು ಕಣಮ್ಮ. ಹಾರ್ಟ್ ಅಟ್ಯಾಕಾಗಿ ಬೀಪಿ ಬಿದ್ದೋಗಿತ್ತು. ಕಾಲೆಲ್ಲ ಐಸು.”

“ಡಾಕ್ಟ್ರು ಏನ್ ಮಾಡಿದ್ರು?”

“ಸ್ಟೆಂಟ್ ಹಾಕಿ, ಬೀಪಿ ಏರಾಕೆ ಡ್ರಿಪ್ಪಲ್ಲಿ ಔಷ್ದಿ ಬಿಟ್ರು. ಕಾಲು ಬೆಚ್ಚಗಾದ್ರೆ ರಕ್ತ ಓಡ್ತೈತೆ ಅಂತ ತಿಳ್ಕ ಅಂದ್ರು. ನನ್ನ ಐಸಿಯು ಒಳಕ್ಕೆ ಬಿಟ್ಟಾಗೆಲ್ಲ ಕಾಲು ಹಿಡ್ಕಂಡೇ ಕೂತೆ.”

“ಬೆಚ್ಚಗಾಯ್ತಾ?”

“ಎರಡ್ನೇ ದಿನ ಆಯ್ತು. ಕಣ್ಬಿಟ್ಟೋರೇ, ‘ಯಾವತ್ತೂ ಇಲ್ದೆ ಇವತ್ತೇನೇ ಕಾಲಿಗೆ ಬಿದ್ದಿದ್ದೀಯ’ ಅಂದ್ರು.”

“ನೀನೇನಂದೆ?”

“ನಮಸ್ಕಾರ ಅಲ್ಲ, ಬಿಸಿ ನೋಡ್ತಿವ್ನಿ, ಸುಮ್ಕಿರಿ ಅಂದೆ.”

“ಆಮ್ಯಾಕಾದ್ರೂ ಬಿಟ್ಟೆಯಾ?”

“ಎಲ್ಲಿ! ನರ್ಸಮ್ಮನೇ ಬಿಡ್ಸಿ, ಊರಿಗೋಗಿ ಸ್ನಾನ ಮಾಡ್ಕಂಬಾ ಅಂತ ಕಳಿಸಿದ್ಲು.”

ಲೇಪಾಕ್ಷಿ ಬಸ್ಸು ಬಂತು. “ಎಕ್ಕಂಡಮ್ಮಾ!” ಎಂದು ಹತ್ತಲು ತೆಲುಗಿನಲ್ಲಿ ಕೂಗಿದ ಕಂಡಕ್ಟರು. ಇಬ್ಬರೂ ನಗುತ್ತ ಹತ್ತಿದರು.