ಮುಡಿ ಕೊಟ್ಟವನ ಮುಖ

ಹಲಗೂರಿನಲ್ಲಿ ಮಳವಳ್ಳಿ ಬಸ್ಸಿಗೆ ಕಾದೂ ಕಾದೂ ಟೀಚರ್ ಚಿತ್ರಾಳಿಗೆ ಸಾಕಾಗಿತ್ತು. ಪಕ್ಕದ ಬೆಂಚಿನಲ್ಲಿ, ತಲೆ ಮೀಸೆ ಎರಡನ್ನೂ ನುಣ್ಣಗೆ ಬೋಳಿಸಿಕೊಂಡವನೊಬ್ಬನನ್ನು ಅವನ ಗೆಳೆಯ ಕೆಣಕುತ್ತಿದ್ದ. ಮೊಬೈಲ್ ನೋಡುವವಳಂತೆ ನಟಿಸುತ್ತ ಅವಳು ಕಿವಿಯನ್ನು ಅತ್ತಲೇ ಇಟ್ಟಳು.

"ಏನ್ಲಾ ಬೋರ, ರೇಸನ್ ಅಕ್ಕಿ ತರಕ್ಕೋದೋನು ಬರೀ ಚೀಲ ಇಡ್ಕಂಡು ಬಂದಿದ್ದೀಯಲ್ಲಾ?"

"ಮಿಸಿನ್‌ಗೆ ಮಕ ತೋರ್ಸು ಅಂದ್ರು ಕಣ್ಲಾ ಸಿದ್ದ. ತೋರುಸ್ದೆ. ಇದು ನೀನಲ್ಲ ಅಂತು."

"ಮೀಸೆನೂ ಬೋಳುಸ್ಕಂಡ್ರೆ ಅದಾದ್ರೂ ಏನ್ ಮಾಡಾದು? ಯಾವ ಅರಕೆಲಾ ಅದು?"

"ನಮ್ ಲೀಡ್ರು ಎಲೆಕ್ಸನ್ ಗೆದ್ರೆ ಮುತ್ತತ್ತಿರಾಯಂಗೆ ಮುಡಿ ಕೊಡ್ತೀನಿ ಅಂದಿದ್ದೆ. ಗೆದ್ರಲ್ಲ!"

"ಅಂಗಾರೆ ಅವ್ರತ್ರಾನೇ ಓಗಿ ಯೋಳ್ಬೇಕಿತ್ತು."

"ಓಗಿದ್ದೆ. ಯಾರಪ್ಪಾ ನೀನು, ಯಾವೂರು ಅಂದ್ರು."

ಚಿತ್ರಾ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಅಷ್ಟರಲ್ಲಿ ಮುತ್ತತ್ತಿ ಕಡೆಯ ಬಸ್ಸು ಬಂತು. ಬೋರ ಬರಿ ಚೀಲ ಕೊಡವಿ ಎದ್ದ.

"ಲೀಡ್ರು ಮುಂದಿನ್ ಸಲ ಓಟ್ ಕೇಳಕ್ ಬರ್ಲಿ. ಮಕ ನೋಡಿ, ಇದು ನೀನಲ್ಲ, ಓಗು ಅಂತೀನಿ."

"ಅಂತೀಯ, ಅಂತೀಯ," ಎಂದ ಸಿದ್ದ, ಅವನನ್ನು ಬಸ್ಸಿನೊಳಕ್ಕೆ ತಳ್ಳುತ್ತ. "ಅಷ್ಟೊತ್ಗೆ ಕೂದ್ಲು ಬೆಳ್ದಿರ್ತದಲ್ಲ, ಇನ್ನೊಂದು ಅರಕೆ ಒತ್ಕತೀಯ."