ಹಠಕ್ಕೆ ಬಿದ್ದ ಕುತ್ತಿಗೆ

ಮೂಳೆ ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ, ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡ ಬಸ್ ಡ್ರೈವರ್ ಕೂತಿದ್ದ. ಜೊತೆಗೆ ಯೋಗ ಕಲಿಸುವ ಅವನ ಅಕ್ಕ.

"ಹಠಯೋಗ ಅಂದ್ರೆ ಹಠ ಹಿಡಿದು ಮಾಡೋದಲ್ಲ ಕಣೋ. 'ಹ' ಅಂದ್ರೆ ಸೂರ್ಯ, 'ಠ' ಅಂದ್ರೆ ಚಂದ್ರ. ಎರಡೂ ಸಮ ಇರ್ಬೇಕು ಅಂತ ಎಷ್ಟು ಸಲ ಬಡ್ಕೊಂಡೆ!"

"ಸೂರ್ಯ ಚಂದ್ರ ಬಂದು ನನ್ನ ಬಸ್ ಓಡಿಸ್ತಾರಾ?"

"ದಿನಾ ಹತ್ತು ನಿಮಿಷ ಮಾಡ್ತಿದ್ದಾಗ ಸೊಂಟ ನೋವು ಕಡಿಮೆ ಆಗಿತ್ತೋ ಇಲ್ವೋ? ನಿದ್ದೆ ಬರ್ತಿತ್ತೋ ಇಲ್ವೋ?"

"ಬರ್ತಿತ್ತು."

"ಮತ್ಯಾಕೆ ಫೋನಲ್ಲಿ ವಿಡಿಯೋ ನೋಡ್ಕೊಂಡು ತಲೆಕೆಳಗೆ ನಿಂತೆ?"

"ಸೋಮವಾರ ಡಿಪೋದಲ್ಲಿ ಮೆಡಿಕಲ್ ಪರೀಕ್ಷೆ. ಫೇಲಾದ್ರೆ ಸ್ಟಿಯರಿಂಗ್ ಬಿಟ್ಟು ಗೇಟ್ ಕಾಯ್ಬೇಕು. ನಿನ್ನ ಹತ್ತು ನಿಮಿಷ ಸಾಕಾಗಲ್ಲ ಅಂತ ಭಯ ಆಯ್ತು."

"ನನಗೊಂದು ಮಾತು ಹೇಳೋಕೆ ಏನಾಗಿತ್ತು?"

"ಹೆಂಗೆ ಹೇಳ್ಲಿ? ಕ್ಲಾಸಲ್ಲಿ ಎಲ್ಲರ ಮುಂದೆ, 'ನನ್ನ ತಮ್ಮನ್ನ ನೋಡಿ, ನೋವೆಲ್ಲ ಮಾಯ' ಅಂತಿದ್ದೆ. ಪೂರ್ತಿ ಹೋಗಿಲ್ಲ ಅಂತ ಹೇಳೋಕೆ ನೀನು ಬಿಟ್ಟೆಯಾ?"

ಅಷ್ಟರಲ್ಲಿ ನರ್ಸ್ ಕರೆದಳು. ಅವನು ಏಳಲು ಹೋಗಿ ನೋವಿಗೆ ಹಲ್ಲು ಕಚ್ಚಿದ.

"ನಿಧಾನ. ಉಸಿರು ಬಿಡು..."

"ಸಾಕು ಸುಮ್ನಿರಕ್ಕ!"

ಅವಳು ಬಗ್ಗಿ ಭುಜ ಕೊಟ್ಟಳು. ಅವನು ಸಿಡುಕುತ್ತಲೇ ಅದನ್ನು ಹಿಡಿದು ಒಳಗೆ ಹೋದ.