ಎರಡೂ ಕೈ ಎತ್ತಿ ಆರಿಸಿದ ಸೈಲೆನ್ಸರ್ ಬಗ್ಗೆ

ನಾನು ಸಮ್ಯಕ್ ತಂದೆ ಮಿಲಿಂದ ಹೊಸಮನಿ, ವಯಸ್ಸು 23, ವಿದ್ಯೆ ಐದನೇ ಇಯತ್ತೆ, ಉದ್ಯೋಗ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ, ಸಾಕಿನ್ ಹೊನವಾಡ, ತಾಲೂಕು ತಿಕೋಟಾ. ಠಾಣೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ಬಾಯಿಂದ ಉತ್ತರ ಬಾರದ ಕಾರಣ ಹೆಡ್ ಕಾನ್‌ಸ್ಟೇಬಲ್ ಶಿವಶರಣಪ್ಪ ಸಾಹೇಬರು ಕಾಗದ ಕೊಟ್ಟು ನೀನೇ ಬರಿ ಎಂದಿದ್ದರಿಂದ, ನನ್ನ ಕೈಯಿಂದಲೇ ಬರೆದು ತಿಳಿಸುವುದೇನೆಂದರೆ:

ಕಳೆದ ದೀಪಾವಳಿಗೆ ನಾನು ಒಂದು ಹಳೆಯ ಸ್ಪೋರ್ಟ್ಸ್ ಬೈಕ್ ಕೊಂಡೆನು. ಗಾಡಿ ನೋಡಲು ದೊಡ್ಡದು, ಸಪ್ಪಳ ಸಣ್ಣದು. ಬಬಲೇಶ್ವರದ ಮಾಲಾ ಎಂಬವಳೊಂದಿಗೆ ನನ್ನ ಮದುವೆ ಗೊತ್ತಾಗಿದೆ. ಅವಳು ಬಟ್ಟೆ ಹೊಲಿಯುತ್ತಾಳೆ. ಅವಳ ಸೋದರಮಾವ ರಾಯಪ್ಪನವರು ನಮ್ಮೂರಿನವರೇ, ಈ ಸಂಬಂಧ ಕೂಡಿಸಿದವರು. ನಾನು ಅವರ ತೋಟದ ಮುಂದೆ ಹೋದಾಗಲೆಲ್ಲ, "ಹೊಲಿಗಿ ಮಷೀನ್ ಬಂತ ನೋಡ್ರಿ" ಎಂದು ಎಲ್ಲರೂ ಕೇಳುವಂತೆ ಅನ್ನುತ್ತಿದ್ದರು. ಅದಲ್ಲದೆ ಓಣಿಯಲ್ಲಿ ಜನ ದಾರಿಗೆ ಅಡ್ಡ ನಿಂತಿದ್ದರೆ ಹಾರ್ನ್ ಹೊಡೆಯಲು ನನಗೆ ಸಂಕೋಚವಾಗುತ್ತದೆ. ಗಂಭೀರ ದನಿಯ ಸೈಲೆನ್ಸರ್ ಇದ್ದರೆ ಅವರೇ ಸರಿಯುತ್ತಾರೆ ಎಂದು ಯೋಚಿಸಿದೆನು.

ದಿನಾಂಕ 09-02-2025 ರವಿವಾರ ಬೆಳಿಗ್ಗೆ 11 ಗಂಟೆಗೆ ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿರುವ ಜಿಲಾನಿಯವರ ಅಂಗಡಿಗೆ ಹೋದೆನು. ಅವರ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಗಿರಾಕಿ ಸೈಲೆನ್ಸರ್ ನೋಡಬಾರದು, ಹೊಳಪಿಗೆ ಮರುಳಾಗುತ್ತಾನೆ. ರಸ್ತೆಯ ಆಚೆ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಅವರು ಒಂದೊಂದನ್ನೇ ಬಿಗಿದು ಗಾಡಿ ಚಾಲೂ ಮಾಡುತ್ತಾರೆ. ಮನಸ್ಸಿಗೆ ಬಂದಾಗ ಕೈ ಎತ್ತಬೇಕು.

ನಾನು ಗೋಡೆಗೆ ಮುಖ ಮಾಡಿ ನಿಂತೆನು. ಮೊದಲನೆಯದು ಹಿಟ್ಟಿನ ಗಿರಣಿಯಂತೆ ಇತ್ತು. ಎರಡನೆಯದು ಯಾರೋ ಹಿರಿಯರು ಕಾಳು ತುಂಬುವ ಹಗೇವಿನೊಳಗೆ ಇಳಿದು ಮೆಲ್ಲಗೆ ಮಾತಾಡಿದಂತೆ ಇತ್ತು. ಅದು ನನಗೆ ಬಹಳ ಸೇರಿತು. ಆದರೆ ಪಕ್ಕದಲ್ಲಿ ಬಳೆ ಕೊಳ್ಳುವ ಹೆಣ್ಣುಮಕ್ಕಳು ನಿಂತಿದ್ದರು. ಆದ್ದರಿಂದ ಕೈಯನ್ನು ಎದೆಯವರೆಗೆ ಮಾತ್ರ ಎತ್ತಿದೆನು. ಹಿಂದೆ ಇದ್ದ ಜಿಲಾನಿಯವರಿಗೆ ಅದು ಕಾಣಲಿಲ್ಲ. ಅವರು ಮೂರನೆಯದನ್ನು ಬಿಗಿದು ರೇಸ್ ಕೊಟ್ಟರು. ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಕಿವಿಯ ಹತ್ತಿರ ಅಲ್ಲಾಡಿಸಿದಂತಾಯಿತು. ನಾನು ಗಾಬರಿಯಾಗಿ ಎರಡೂ ಕೈ ಎತ್ತಿ ಕಿವಿ ಮುಚ್ಚಿಕೊಂಡೆನು.

ಜಿಲಾನಿಯವರು ಓಡಿ ಬಂದು ನನ್ನ ಬೆನ್ನು ತಟ್ಟಿ, "ಮೂವತ್ತ ವರ್ಷದಾಗ ಎರಡೂ ಕೈ ಎತ್ತಿ ಪಾಸ್ ಮಾಡಿದ ಗಿರಾಕಿ ನೀನ ಮೊದ್ಲ ನೋಡಪಾ" ಎಂದು ಹೇಳಿ ಚಹಾ ತರಿಸಿದರು. ಚಹಾ ಕುಡಿದ ಮೇಲೆ ಬೇಡ ಎನ್ನುವುದು ಹೇಗೆಂದು ತಿಳಿಯದೆ ಹಣ ಎಣಿಸಿ ಕೊಟ್ಟೆನು. ಗಾಡಿಗೆ ಮೊದಲಿದ್ದ ಕಂಪನಿ ಸೈಲೆನ್ಸರ್ ಅವರ ಅಂಗಡಿಯಲ್ಲೇ ಉಳಿಯಿತು.

ಅದೇ ದಿನ ಮಧ್ಯಾಹ್ನ ಮಾಲಾ ತಿಕೋಟಾ ಬಸ್ ನಿಲ್ದಾಣದಲ್ಲಿ ನನ್ನ ದಾರಿ ಕಾಯುತ್ತಿದ್ದಳು. ಅವಳನ್ನು ಹೊನವಾಡದ ಮಾವನ ಮನೆಗೆ ಕರೆದೊಯ್ಯುವುದಿತ್ತು. ನಾನು ತಿರುವು ದಾಟುವ ಮೊದಲೇ ನಿಲ್ದಾಣದ ಜನರೆಲ್ಲ ಎದ್ದು ನಿಂತಿದ್ದರು. ಮಾಲಾ, "ನೀ ಬರೋದು ನನಗ ತಿಳಿದ್ರ ಸಾಕು, ಊರಿಗೆಲ್ಲಾ ಯಾಕ ತಿಳೀಬೇಕು? ಇದು ಇರೋತನ ನಾ ಈ ಗಾಡಿ ಹತ್ತಂಗಿಲ್ಲ" ಎಂದು ಹೇಳಿ ಬಸ್ಸು ಹತ್ತಿದಳು. ನಾನು ಬಸ್ಸಿನ ಹಿಂದೆ ಹೊರಟೆನು. ಪ್ರಯಾಣಿಕರೆಲ್ಲ ಕಿಟಕಿಯಿಂದ ಹಿಂದೆ ನೋಡಿದರು, ಮಾಲಾ ಒಬ್ಬಳೇ ಮುಂದೆ ನೋಡುತ್ತಿದ್ದಳು. ಕಂಡಕ್ಟರ್ ಬಾಗಿಲಲ್ಲಿ ನಿಂತು, "ಲೇ ತಮ್ಮಾ, ಮುಂದರ ಹೋಗು, ಇಲ್ಲಾ ನಾಳೆ ಬಾ" ಎಂದನು.

ನಾನು ಮುಂದೆ ಹೋದೆನು. ಹೊನವಾಡದಲ್ಲಿ ರಾಯಪ್ಪನವರ ದ್ರಾಕ್ಷಿ ತೋಟ ರಸ್ತೆಗೆ ಹತ್ತಿಕೊಂಡೇ ಇದೆ. ಹಣ್ಣಿಗೆ ಸಿಹಿ ಕೂಡುವ ಸಮಯ. ನನ್ನ ಗಾಡಿಯ ಸಪ್ಪಳಕ್ಕೆ ತೋಟದಲ್ಲಿ ಹಣ್ಣು ತಿನ್ನುತ್ತಿದ್ದ ಗೊರವಂಕ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದು ಹಾರಿದವು. ರಾಯಪ್ಪನವರು ಧೋತರ ಎತ್ತಿಕೊಂಡು ಓಡಿ ಬಂದರು. ಬೈಯಲು ಬಂದರೆಂದು ತಿಳಿದು ಗಾಡಿ ಬಂದ್ ಮಾಡಿದೆನು. "ಬಂದ್ ಯಾಕ ಮಾಡಿದಿ? ಇನ್ನೊಮ್ಮೆ ಒದರಸಲೇ! ಇದು ಗಾಡಿ ಅಲ್ಲೋ, ನಾಕ ಆಳಿನ ಕೆಲಸ ಮಾಡ್ತೈತಿ" ಎಂದರು. ಅಂದಿನಿಂದ ಬೆಳಿಗ್ಗೆ ಶೆಡ್ಡಿಗೆ ಹೋಗುವ ಮೊದಲು, ಸಂಜೆ ಬಂದ ಮೇಲೆ ತೋಟದ ಸುತ್ತ ಗಾಡಿ ಓಡಿಸಲು ಹಚ್ಚಿದರು. ಸೈಲೆನ್ಸರ್ ಬದಲಿಸಬೇಕೆಂದು ಹೇಳಲು ದಿನಾಲೂ ಹೋಗುತ್ತಿದ್ದೆನು. ದಿನಾಲೂ ತೋಟ ಸುತ್ತಿ ಬರುತ್ತಿದ್ದೆನು. ಮಾಲಾ ಫೋನ್ ಎತ್ತುವುದನ್ನು ಬಿಟ್ಟಳು.

ತೋಟದ ಪಕ್ಕದಲ್ಲಿ ಆಸಿಫ ಎಂಬವರ ಜೋಳದ ಹೊಲ ಇದೆ. ಇಲ್ಲಿಂದ ಎದ್ದ ಹಕ್ಕಿಗಳು ಅಲ್ಲಿ ಹೋಗಿ ತೆನೆಯ ಮೇಲೆ ಕೂಡತೊಡಗಿದವು. ದಿ. 22-02-2025 ರಂದು ಸಂಜೆ ಆಸಿಫರು ಬದುವಿನ ಮೇಲೆ ನಿಂತು, "ನಿಮ್ಮ ಹಕ್ಕಿ ನಮ್ಮ ಜ್ವಾಳಕ್ಕ ಯಾಕ ಕಳಸ್ತೀರಿ?" ಎಂದು ಕೇಳಿದರು. ರಾಯಪ್ಪನವರು, "ಹಕ್ಕಿಗೆ ನಾ ಏನ ವಿಳಾಸ ಹೇಳಿ ಕಳಸೇನೇನ?" ಎಂದರು. ಆಸಿಫರು ಠಾಣೆಗೆ ಫೋನ್ ಮಾಡಿದರು. ಶಿವಶರಣಪ್ಪ ಸಾಹೇಬರು ಬಂದು ಗಾಡಿ ಜಪ್ತಿ ಮಾಡಿದರು. ಕಂಪನಿ ಸೈಲೆನ್ಸರ್ ತಂದು ಹಾಕಿದರೆ ಗಾಡಿ ಬಿಡುವುದಾಗಿಯೂ, ಈ ಸೈಲೆನ್ಸರನ್ನು ರೋಡ್ ರೋಲರ್ ಕೆಳಗೆ ಹಾಕುವುದಾಗಿಯೂ ತಿಳಿಸಿದರು. ನನಗೆ ಸಮಾಧಾನವಾಯಿತು. ಮುಖದಲ್ಲಿ ತೋರಿಸಲಿಲ್ಲ. ಆ ರಾತ್ರಿ ಮಾಲಾಳಿಗೆ ಗಾಡಿ ಜಪ್ತಿಯಾಗಿದೆ, ಕಂಪನಿ ಸೈಲೆನ್ಸರ್ ಹಾಕಿದರೆ ಬಿಡುತ್ತಾರೆ ಎಂದು ಮೆಸೇಜ್ ಕಳಿಸಿದೆನು. ಇಂದು ಹೇಳಿಕೆ ಕೊಡಲು ಠಾಣೆಗೆ ಬಂದೆನು.

ಈ ಹೇಳಿಕೆಯನ್ನು ಇಲ್ಲಿಯವರೆಗೆ ಬರೆದಾಗ ಮಾಲಾ ಠಾಣೆಯೊಳಗೆ ಬಂದಳು. ಅವಳ ಬಗಲಲ್ಲಿ ಸೀರೆಯಲ್ಲಿ ಸುತ್ತಿದ ಕಂಪನಿ ಸೈಲೆನ್ಸರ್ ಇತ್ತು. ಗಾಂಧಿ ಚೌಕಕ್ಕೆ ಒಬ್ಬಳೇ ಹೋಗಿ, ಜಿಲಾನಿಯವರಿಂದ ಬಿಡಿಸಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳು. ಪಕ್ಕದಲ್ಲಿ ಕುಳಿತ ಮುದುಕಿ ಕೂಸು ಮಲಗಿದೆಯೇ ಎಂದು ಕೇಳಿದ್ದಳಂತೆ. ಅದನ್ನು ಮೇಜಿನ ಮೇಲೆ ಇಟ್ಟು ನನ್ನ ಕಡೆ ನೋಡಿದಳು.

ಅವಳ ಹಿಂದೆಯೇ ರಾಯಪ್ಪನವರು ಒಂದು ಬುಟ್ಟಿ ದ್ರಾಕ್ಷಿ ತಂದರು. "ಸಾಹೇಬ್ರ, ಹಣ್ಣ ಕೊಯ್ಯೋತನ ಆ ಸೈಲೆನ್ಸರ್ ಇರ್ಲಿರಿ. ಹುಡುಗಂದೂ ಅದ ಆಸೆ ಐತಿ. ಬೇಕಾದ್ರ ಕೇಳ್ರಿ" ಎಂದರು. ಸಾಹೇಬರು ದ್ರಾಕ್ಷಿಯನ್ನು ಹೊರಗೆ ಇಡಲು ಹೇಳಿ ನನ್ನನ್ನು ಕೇಳಿದರು. ನಾನು ಕಾಗದದ ಮೇಲೆ ಬರೆಯಲು ಹೋದೆನು. ಮಾಲಾ ನನ್ನ ಕೈಯಿಂದ ಪೆನ್ನು ಕಸಿದುಕೊಂಡಳು.

ಆಗ ನಾನು, "ಬ್ಯಾಡ ಮಾವಾ! ನನಗ ಮೊದಲಿಂದನೂ ಬ್ಯಾಡಾಗಿತ್ತು!" ಎಂದು ಹೇಳಿದೆನು. ಎಷ್ಟು ಜೋರಾಗಿ ಹೇಳಿದೆನೋ ತಿಳಿಯದು. ಒಳಗಿನ ಕೋಣೆಯಿಂದ ಇಬ್ಬರು ಪೊಲೀಸರು ಓಡಿ ಬಂದರು. ಶಿವಶರಣಪ್ಪ ಸಾಹೇಬರು ಇದು ಠಾಣೆ ಇದೆ, ಮೆಲ್ಲಗೆ ಮಾತಾಡಬೇಕೆಂದು ಎಚ್ಚರಿಕೆ ಕೊಟ್ಟರು. ರಾಯಪ್ಪನವರು ಸ್ವಲ್ಪ ಹೊತ್ತು ನನ್ನ ಬಾಯಿಯನ್ನೇ ನೋಡಿ, "ಇಷ್ಟ ಒದರತಿ ಅಂದ್ರ ಗಾಡಿ ಯಾಕ ಬೇಕೋ, ನೀನ ಬಂದ ತೋಟದಾಗ ನಿಲ್ಲು" ಎಂದರು. ಮಾಲಾ ಪೆನ್ನು ಮರಳಿ ಕೊಟ್ಟಳು.

ಸದರಿ ಸೈಲೆನ್ಸರನ್ನು ರೋಲರ್ ಕೆಳಗೆ ಹಾಕಲು ನನ್ನ ಪೂರ್ಣ ಒಪ್ಪಿಗೆ ಇದೆ. ಆಸಿಫರ ಮೇಲೆ ನನ್ನ ತಕರಾರು ಇಲ್ಲ. ಗಾಡಿಯನ್ನು ಆದಷ್ಟು ಬೇಗ ಬಿಡಬೇಕೆಂದು ವಿನಂತಿ. ಮಾಲಾಳನ್ನು ಬಬಲೇಶ್ವರಕ್ಕೆ ಮುಟ್ಟಿಸುವುದಿದೆ. ಅಲ್ಲಿಗೆ ಹೋಗುವ ಬಸ್ಸು ಈಗ ಠಾಣೆಯ ಮುಂದಿನಿಂದ ಹೋಯಿತು, ಅವಳು ಎದ್ದಿಲ್ಲ.

ಮೇಲೆ ಬರೆದದ್ದನ್ನು ಸಾಹೇಬರು ಎಲ್ಲರ ಎದುರಿಗೆ ಓದಿ ಹೇಳಿದರು. ಕೇಳಲು ನಾಚಿಕೆಯಾಯಿತು, ಆದರೆ ಎಲ್ಲವೂ ನಿಜ ಇದೆ.

ಸ್ಥಳ: ತಿಕೋಟಾ
ದಿನಾಂಕ: 24-02-2025
ಸಹಿ: ಸಮ್ಯಕ್ ಮಿಲಿಂದ ಹೊಸಮನಿ